ಓದಿ ಹಾಕುವ ಸಹಿ

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಡಾಕ್ಯುಮೆಂಟು ಬರೆಯುತ್ತಾ ಕಳೆದ ವರ್ಷಗಳನ್ನು ನೆನೆದಾಗ ಮೊದಲು ಕಣ್ಣ ಮುಂದೆ ಬರುವುದು ಒಂದೇ ಒಂದು ಪದ: ‘ಅಪ್ರೂವ್ಡ್’. ನೂರು ನೂರೈವತ್ತು ಪುಟಗಳ ಬರಹವನ್ನು ಮೇಲ್‌ಗೆ ಲಗತ್ತಿಸಿ ಕಳಿಸಿ, ವಾರಗಟ್ಟಲೆ ಕಾದು, ಎರಡು ಮೂರು ಸಲ ನೆನಪಿಸಿ ಪಡೆಯುತ್ತಿದ್ದ ಉತ್ತರ ಅದು. ಅದು ಬಂದ ದಿನ ತಂಡಕ್ಕೆಲ್ಲ ನಿರಾಳ. ಪ್ಲಾನಿನಲ್ಲಿ ಒಂದು ಸಾಲು ಹಸಿರಾಗುತ್ತಿತ್ತು, ಬಿಲ್ಲಿನ ಒಂದು ಕಂತಿಗೆ ದಾರಿಯಾಗುತ್ತಿತ್ತು, ಪ್ರೋಗ್ರಾಮು ಬರೆಯುವವರು ಕೆಲಸ ಶುರು ಮಾಡಬಹುದಿತ್ತು. ಆ ಪದ ಏನು ಹೇಳುತ್ತಿದೆ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಓದಿದೆ, ತಿಳಿಯಿತು, ಹೀಗೆಯೇ ಕಟ್ಟಿ ಎಂದೇ? ಅಥವಾ ಇದೊಂದು ನನ್ನ ಮೇಜಿನಿಂದ ಆಚೆ ಹೋದರೆ ಸಾಕು ಎಂದೇ? ಆರು ತಿಂಗಳ ಮೇಲೆ ಸಾಫ್ಟ್‌ವೇರ್ ಕೈಗಿಟ್ಟಾಗ ಬರುತ್ತಿದ್ದ ಪ್ರಶ್ನೆಗಳನ್ನು ನೋಡಿದರೆ ಬಹುಪಾಲು ಎರಡನೆಯದೇ ಆಗಿತ್ತೆಂದು ತಿಳಿಯುತ್ತಿತ್ತು. ನಮ್ಮ ಕಸುಬಿನಲ್ಲಿ ಇದಕ್ಕೆ ಒಂದು ಸಿದ್ಧ ವಿವರಣೆ ಇತ್ತು: ಕ್ಲೈಂಟುಗಳು ಓದುವುದಿಲ್ಲ. ಬಹಳ ಕಾಲ ನಾನೂ ಅದನ್ನು ನಂಬಿದ್ದೆ. ಈಗ ನಂಬುವುದಿಲ್ಲ. ಓದದೆಯೂ ಸಹಿ ಹಾಕಲು ಬರುವಂಥ ಡಾಕ್ಯುಮೆಂಟನ್ನು ಬರೆದು ಕಳಿಸುತ್ತಿದ್ದವರು ನಾವು. ಓದಿನ ಹೊಣೆಯ ದೊಡ್ಡ ಪಾಲು ಬರೆದವರದ್ದೇ ಎಂಬುದು ನಾನು ಈ ಕಸುಬಿನಲ್ಲಿ ನಿಧಾನವಾಗಿ, ಕಷ್ಟಪಟ್ಟು ಕಲಿತ ಸಂಗತಿ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬೆಳೆದ ಬಗೆಯಲ್ಲೇ ಈ ಕಾಗದಗಳ ಭಾರ ಅಡಗಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆಯಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಹುಟ್ಟಿಕೊಂಡ ಮೇಲೆ ಸಣ್ಣ ಕಂಪನಿಗಳೂ ಉಪಗ್ರಹದ ಸಂಪರ್ಕ ಪಡೆದು ಹೊರದೇಶಕ್ಕೆ ಕೆಲಸ ಮಾಡಿಕೊಡುವಂತಾಯಿತು. ಕೆಲಸ ಕೇಳುವವರು ಒಂದು ಖಂಡದಲ್ಲಿ, ಮಾಡಿಕೊಡುವವರು ಇನ್ನೊಂದರಲ್ಲಿ. ನ್ಯೂಯಾರ್ಕಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆಗಳ ಅಂತರ. ಪಕ್ಕದ ಮೇಜಿಗೆ ಹೋಗಿ ಎರಡು ನಿಮಿಷದಲ್ಲಿ ಕೇಳಿ ಬರಬಹುದಾದದ್ದನ್ನೆಲ್ಲ ಬರೆದೇ ಕೇಳಬೇಕು, ಬರೆದೇ ಹೇಳಬೇಕು. ಹಾಗಾಗಿ ಡಾಕ್ಯುಮೆಂಟು ನಮಗೆ ಅಲಂಕಾರವಾಗಿರಲಿಲ್ಲ. ಎರಡು ಖಂಡಗಳ ನಡುವಿನ ಮಾತುಕತೆ ಅದರ ಮೇಲೆಯೇ ನಿಂತಿತ್ತು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಸಾಫ್ಟ್‌ವೇರ್ ಕಟ್ಟುವ ಶಿಸ್ತನ್ನು ಅಳೆಯುವ ಸಿಎಂಎಂ ಮಟ್ಟಗಳ ಪ್ರಮಾಣಪತ್ರಗಳಿಗಾಗಿ ಇಲ್ಲಿನ ಕಂಪನಿಗಳು ಪೈಪೋಟಿಗಿಳಿದಾಗ ಡಾಕ್ಯುಮೆಂಟಿಗೆ ಇನ್ನೊಬ್ಬ ಓದುಗ ಸಿಕ್ಕಿದ, ಅವನೇ ಆಡಿಟರು. ಆಡಿಟರು ನೋಡುತ್ತಿದ್ದದ್ದು ತಲೆಬರಹಗಳು ಎಲ್ಲ ಇವೆಯೇ, ಆವೃತ್ತಿಯ ಸಂಖ್ಯೆ ಸರಿಯಿದೆಯೇ, ಕೊನೆಯ ಪುಟದಲ್ಲಿ ಕ್ಲೈಂಟಿನ ಒಪ್ಪಿಗೆ ಇದೆಯೇ ಎಂಬುದನ್ನು. ಸೋಮವಾರದ ಬೆಳಿಗ್ಗೆ ಈ ಸಾಫ್ಟ್‌ವೇರ್ ಬಳಸಬೇಕಾದ ಗೋದಾಮಿನ ಲೆಕ್ಕಿಗನಿಗೆ ಇದು ಅರ್ಥವಾಗುತ್ತದೆಯೇ ಎಂದು ನೋಡುವುದು ಅವನ ಕೆಲಸವಾಗಿರಲಿಲ್ಲ. ಮೆಲ್ಲಮೆಲ್ಲನೆ, ಯಾರೂ ಹಾಗೆಂದು ತೀರ್ಮಾನ ಮಾಡದಿದ್ದರೂ, ನಾವು ಆಡಿಟರಿಗಾಗಿ ಬರೆಯತೊಡಗಿದೆವು.

ಎಸ್‌ಆರ್‌ಎಸ್ ಎಂಬ ಅವಶ್ಯಕತೆಗಳ ಡಾಕ್ಯುಮೆಂಟಿನ ಮಾದರಿಯನ್ನೇ ನೋಡಿ. ಅಮೆರಿಕದ ಐಟ್ರಿಪಲ್‌ಇ ಸಂಸ್ಥೆ 1984ರಲ್ಲಿ ಹೊರತಂದು 1998ರಲ್ಲಿ ಪರಿಷ್ಕರಿಸಿದ 830ನೆಯ ಶಿಫಾರಸು ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲ ಟೆಂಪ್ಲೇಟುಗಳ ತಾಯಿ. ಉದ್ದೇಶ, ವ್ಯಾಪ್ತಿ, ಪದಗಳ ವಿವರ, ಉಲ್ಲೇಖಗಳು, ಡಾಕ್ಯುಮೆಂಟಿನ ಮುನ್ನೋಟ. ಅಲ್ಲಿಂದ ಉತ್ಪನ್ನದ ಒಟ್ಟಾರೆ ವಿವರಣೆ. ಅದಾದ ಮೇಲೆ ನಿರ್ದಿಷ್ಟ ಅವಶ್ಯಕತೆಗಳು. ಬರೆಯುವವನಿಗೆ ಇದು ಒಳ್ಳೆಯ ನೆನಪೋಲೆ, ಏನೂ ಬಿಟ್ಟುಹೋಗದಂತೆ ಕಾಯುತ್ತದೆ. ಓದುವವನ ಪಾಡು ಬೇರೆ. ತನಗೆ ಸಂಬಂಧಪಟ್ಟ ಮೊದಲ ತೀರ್ಮಾನ ಸಿಗುವ ಹೊತ್ತಿಗೆ ಅವನು ಇಪ್ಪತ್ತು ಪುಟ ದಾಟಿರಬೇಕು. ಆ ಇಪ್ಪತ್ತರಲ್ಲಿ ಹದಿನೈದು ಪುಟ ಹಿಂದಿನ ಪ್ರಾಜೆಕ್ಟಿನಿಂದ ಎತ್ತಿ ತಂದದ್ದು ಎಂದು ಅವನಿಗೆ ಎರಡನೆಯ ಪುಟದಲ್ಲೇ ವಾಸನೆ ಹತ್ತುತ್ತದೆ. ಆಮೇಲೆ ಅವನು ಓದುವುದಿಲ್ಲ, ಪುಟ ತಿರುವುತ್ತಾನೆ. ಆ ತಿರುವಿನಲ್ಲಿ ಕಾಗುಣಿತದ ತಪ್ಪು ಕಣ್ಣಿಗೆ ಬೀಳುತ್ತದೆ, ಕಂಪನಿಯ ಲೋಗೋ ಹಳೆಯದೆಂದು ಕಾಣುತ್ತದೆ. ನಮಗೆ ಮರಳಿ ಬರುತ್ತಿದ್ದ ಷರಾಗಳಲ್ಲಿ ಹೆಚ್ಚಿನವು ಇಂಥವೇ. ಅವನ್ನೆಲ್ಲ ತಿದ್ದಿ ‘ರಿವ್ಯೂ ಆಯಿತು’ ಎಂದು ದಾಖಲಿಸುತ್ತಿದ್ದೆವು. ಓದಿನ ಹೊರಗುರುತುಗಳೆಲ್ಲ ಅಲ್ಲಿದ್ದವು, ಓದು ಇರಲಿಲ್ಲ.

ಸಾಫ್ಟ್‌ವೇರ್ ಕಟ್ಟುವ ಕ್ರಮದ ಬಗ್ಗೆ ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧವನ್ನು ನಮ್ಮ ತರಬೇತಿಗಳಲ್ಲಿ ಹೆಸರಿಸದ ದಿನವಿರಲಿಲ್ಲ. ಐವತ್ತು ಲಕ್ಷ ಡಾಲರಿನ ಯಂತ್ರ ಕೊಳ್ಳಲು 30 ಪುಟದ ವಿವರಣೆ ಸಾಕು, ಅಷ್ಟೇ ಬೆಲೆಯ ಸಾಫ್ಟ್‌ವೇರಿಗೆ ಸುಮಾರು 1,500 ಪುಟ ಬೇಕು ಎಂದು ಅವರು ಅಂದಾಜು ಮಾಡಿದ್ದರು. ಅವರ ಮಾತಿನಲ್ಲಿ ತಿರುಳಿದೆ. ಯಂತ್ರ ಕಣ್ಣಿಗೆ ಕಾಣುತ್ತದೆ, ಸಾಫ್ಟ್‌ವೇರ್ ಬರೆದಿಟ್ಟ ಹೊರತು ಕಾಣದು. ಆದರೆ ಅದೇ ಪ್ರಬಂಧ ಇನ್ನೊಂದನ್ನೂ ಒತ್ತಿ ಹೇಳುತ್ತದೆ: ಗ್ರಾಹಕರನ್ನು ವಿಧಿವತ್ತಾಗಿ, ಆಳವಾಗಿ, ಮತ್ತೆ ಮತ್ತೆ ಒಳಗೊಳ್ಳಬೇಕು, ಒಮ್ಮೆ ಕೇಳಿಕೊಂಡು ಹೋಗಿ ಕೊನೆಯಲ್ಲಿ ಸರಕು ಒಪ್ಪಿಸಿದರೆ ಕೆಡುತ್ತದೆ. ಉದ್ಯಮ ಪುಟಗಳ ಸಂಖ್ಯೆಯನ್ನು ಎತ್ತಿಕೊಂಡಿತು, ಒಳಗೊಳ್ಳುವ ಮಾತನ್ನು ಕೈಬಿಟ್ಟಿತು. ಕಾರಣ ಊಹಿಸುವುದು ಕಷ್ಟವಲ್ಲ. ಪುಟಗಳನ್ನು ಎಣಿಸಬಹುದು, ಎಣಿಸಿದ್ದಕ್ಕೆ ಬಿಲ್ ಮಾಡಬಹುದು. ಒಬ್ಬ ಓದುಗನ ಮನಸ್ಸಿನಲ್ಲಿ ಏನು ಮೂಡಿತೆಂದು ಎಣಿಸಲು ಯಾವ ಕೋಷ್ಟಕವೂ ಇರಲಿಲ್ಲ.

ಇದರ ಫಲವನ್ನು ಉಣ್ಣುತ್ತಿದ್ದದ್ದು ಯುಎಟಿ ಎಂದು ನಾವು ಕರೆಯುತ್ತಿದ್ದ ಕೊನೆಯ ಪರೀಕ್ಷೆಯ ವಾರಗಳಲ್ಲಿ. ಬಳಸುವವರು ಮೊದಲ ಸಲ ಪರದೆಯ ಮುಂದೆ ಕೂತು ‘ನಾವು ಕೇಳಿದ್ದು ಇದಲ್ಲ’ ಎನ್ನುತ್ತಾರೆ. ಕಟ್ಟಿದವರು ಡಾಕ್ಯುಮೆಂಟು ತೆರೆದು, ಇಂಥ ಪುಟದ ಇಂಥ ಸಾಲು, ನೀವೇ ಒಪ್ಪಿದ್ದೀರಿ ಎಂದು ತೋರಿಸುತ್ತಾರೆ. ಇಬ್ಬರ ಮಾತೂ ನಿಜ. ಬರೆದದ್ದು ಅದೇ, ಕೇಳಿದ್ದು ಅದಲ್ಲ. ಇಲ್ಲಿಂದ ಚೇಂಜ್ ರಿಕ್ವೆಸ್ಟು ಹುಟ್ಟುತ್ತದೆ, ಅದಕ್ಕೊಂದು ಬೆಲೆ, ಬೆಲೆಯ ಮೇಲೆ ಚೌಕಾಸಿ, ಚೌಕಾಸಿಯಲ್ಲಿ ಕಹಿ. ಕಾಗದದ ಮೇಲೆ ಕಟ್ಟಿದವರು ಗೆದ್ದರೂ ಸಾಫ್ಟ್‌ವೇರ್ ಮಾತ್ರ ಕೆಲಸಕ್ಕೆ ಬಾರದ್ದಾಗಿಯೇ ಉಳಿಯುತ್ತದೆ. ಬಳಸುವವರು ಅದರ ಪಕ್ಕದಲ್ಲೇ ಒಂದು ಎಕ್ಸೆಲ್ ಹಾಳೆ ಇಟ್ಟುಕೊಂಡು ನಿಜವಾದ ಲೆಕ್ಕವನ್ನು ಅಲ್ಲಿ ನಡೆಸುತ್ತಾರೆ. ಆ ಎಕ್ಸೆಲ್ ಹಾಳೆ ಕಂಡಾಗಲೆಲ್ಲ ನನಗೆ ಅನಿಸುತ್ತಿದ್ದದ್ದು, ನಮ್ಮ ನೂರೈವತ್ತು ಪುಟ ಹೇಳದೆ ಬಿಟ್ಟದ್ದೆಲ್ಲ ಇದರಲ್ಲಿದೆ ಎಂದು.

ಓದದೆ ಹಾಕಿದ ಒಪ್ಪಿಗೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸಾಫ್ಟ್‌ವೇರಿನ ಹೊರಗಿನದೊಂದು ಸಾಕ್ಷಿ ಇದೆ. 1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾಕಿದ್ದ ಕಾಲುದಾರಿಗಳು ಕುಸಿದು 114 ಜನ ಸತ್ತರು. ಮೊದಲ ವಿನ್ಯಾಸದಲ್ಲಿ ಎರಡೂ ಕಾಲುದಾರಿಗಳನ್ನು ಛಾವಣಿಯಿಂದ ಇಳಿದ ಒಂದೇ ಉದ್ದನೆಯ ಸರಳುಗಳು ಹೊತ್ತಿದ್ದವು. ಕಟ್ಟುವಾಗ ಅದನ್ನು ಎರಡು ತುಂಡು ಮಾಡಿ, ಕೆಳಗಿನ ಕಾಲುದಾರಿಯನ್ನು ಮೇಲಿನದಕ್ಕೆ ತೂಗುಹಾಕಿದರು; ಮೇಲಿನ ಜೋಡಣೆಯ ಮೇಲೆ ಭಾರ ಎರಡರಷ್ಟಾಯಿತು. ಬದಲಾದ ನಕ್ಷೆಗಳ ಮೇಲೆ ಎಂಜಿನಿಯರರ ಪರಿಶೀಲನಾ ಮುದ್ರೆ ಇತ್ತು. ಆ ಜೋಡಣೆ ಎಷ್ಟು ಭಾರ ತಡೆಯುತ್ತದೆ ಎಂಬ ಲೆಕ್ಕವನ್ನು ಮಾತ್ರ ಯಾರೂ ಮಾಡಿರಲಿಲ್ಲ. ಮುದ್ರೆ ಒತ್ತುವವನ ಮುಂದೆ ನಕ್ಷೆಯಿತ್ತು. ಈ ನಕ್ಷೆಯಲ್ಲಿ ನೀನು ತೀರ್ಮಾನಿಸಬೇಕಾದದ್ದು ಇದೊಂದು ಎಂದು ಹೇಳುವ ಪ್ರಶ್ನೆ ಇರಲಿಲ್ಲ. ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟವೂ ಇದೇ ಜಾತಿಯದು. 1996ರ ಜೂನ್ 4ರಂದು ಅದು ಸುಮಾರು 40 ಸೆಕೆಂಡುಗಳಲ್ಲಿ ಸಿಡಿದುಹೋಯಿತು. ದಿಕ್ಕು ತೋರುವ ಸಾಧನದ ಸಾಫ್ಟ್‌ವೇರ್ ಏರಿಯಾನ್ 4ರಿಂದ ಬಂದದ್ದು, ಹೊಸ ರಾಕೆಟ್ಟಿನ ಅಡ್ಡವೇಗ ಹಳೆಯದಕ್ಕಿಂತ ಹೆಚ್ಚು, ಆ ಸಂಖ್ಯೆ ತನಗಿದ್ದ 16 ಬಿಟ್‌ಗಳ ಜಾಗದಲ್ಲಿ ಹಿಡಿಸಲಿಲ್ಲ. ಆ ಸಾಧನದ ವಿವರಣಾ ಪತ್ರದಲ್ಲಿ ಏರಿಯಾನ್ 5ರ ಹಾರುಹಾದಿಯ ಅಂಕಿಗಳೇ ಸೇರಿರಲಿಲ್ಲ ಎಂದು ತನಿಖಾ ಮಂಡಳಿ ಕಂಡುಕೊಂಡಿತು. ಹಲವು ಪಾಲುದಾರರು ಕೂತು ನಡೆಸಿದ ಪರಿಶೀಲನೆಗಳನ್ನೆಲ್ಲ ಆ ಪತ್ರ ದಾಟಿ ಬಂದಿತ್ತು. ಇರುವುದನ್ನು ಓದುವವರ ಕಣ್ಣಿಗೆ ಇಲ್ಲದ್ದು ಕಾಣುವುದಿಲ್ಲ. ಈ ಹಾರಾಟದ ಅಂಕಿಗಳನ್ನು ಯಾವ ಪುಟದಿಂದ ತೆಗೆದುಕೊಂಡಿರಿ ಎಂದು ಕೇಳಿದ್ದರೆ ಆ ಖಾಲಿ ಜಾಗ ಬಯಲಾಗುತ್ತಿತ್ತು ಎಂದೇ ನನ್ನ ಎಣಿಕೆ.

ಹಾಗಾದರೆ ಜನ ಓದುವುದೇ ಇಲ್ಲವೇ? ನಮ್ಮ ನಡುವೆಯೇ ನೋಡಬಹುದು. ಮದುವೆಯ ಆಹ್ವಾನಪತ್ರಿಕೆಯ ಪ್ರೂಫು ಮುದ್ರಣಾಲಯದಿಂದ ಮನೆಗೆ ಬಂದರೆ ಅದನ್ನು ಓದದವರು ಯಾರಿದ್ದಾರೆ? ಅಜ್ಜಿ ಕನ್ನಡಕ ಹಾಕಿಕೊಂಡು ತವರಿನವರ ಹೆಸರು ಹುಡುಕುತ್ತಾಳೆ, ದೊಡ್ಡಪ್ಪ ಹಿರಿಕಿರಿಯರ ಸಾಲು ನೋಡುತ್ತಾನೆ, ಹುಡುಗಿಯ ಅಪ್ಪ ಮುಹೂರ್ತದ ಗಳಿಗೆಯನ್ನು ಪುರೋಹಿತರ ಚೀಟಿಯ ಜತೆ ತಾಳೆ ನೋಡುತ್ತಾನೆ, ಹುಡುಗನ ಕಡೆಯವರು ಇನಿಷಿಯಲ್ಲಿನ ಒಂದಕ್ಷರಕ್ಕೆ ಫೋನು ಮಾಡುತ್ತಾರೆ. ಪ್ರೂಫ್ ರೀಡಿಂಗ್ ಎಂಬ ಮಾತನ್ನೇ ಕೇಳದ ಮನೆಯಲ್ಲಿ ಯಾವ ಪ್ರಕಾಶನ ಸಂಸ್ಥೆಯೂ ನಾಚುವಷ್ಟು ಶ್ರದ್ಧೆಯ ಓದು ನಡೆಯುತ್ತದೆ. ಜಮೀನಿನ ಕ್ರಯಪತ್ರದ್ದೂ ಹಾಗೆಯೇ. ಪತ್ರಬರಹಗಾರ ಬರೆದ ಉದ್ದುದ್ದ ಒಕ್ಕಣೆಯನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಚಕ್ಕುಬಂದಿ ಬಂದ ಕೂಡಲೇ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ದಾರಿಯೇ ಬದುವೇ, ಒಂದೊಂದನ್ನೂ ಓದಿಸಿ ಕೇಳುತ್ತಾರೆ. ಓದಲು ಬಾರದವರೂ ಓದಿಸಿ ಕೇಳಿ ಹೆಬ್ಬೆಟ್ಟು ಒತ್ತುತ್ತಾರೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದಾಗಲೂ, ತಾಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆದ ರೈತ ಮೊದಲು ಮಾಡಿದ್ದು ತನ್ನ ಹೆಸರು, ಸರ್ವೆ ನಂಬರು, ಎಕರೆ-ಗುಂಟೆ ಸರಿಯಿದೆಯೇ ಎಂದು ನೋಡಿಕೊಂಡದ್ದು. ಸಾಫ್ಟ್‌ವೇರ್ ಹೇಗೆ ನಡೆಯಬೇಕೆಂದು ಬರೆದ ಕಾಗದವನ್ನು ಅವನ ಕೈಗೆ ಕೊಟ್ಟಿದ್ದರೆ ಮಡಚಿ ಜೇಬಿಗಿಡುತ್ತಿದ್ದ. ತನ್ನ ಗುಂಟೆ ಬರೆದಿದ್ದ ಹಾಳೆಯನ್ನು ಅಕ್ಷರ ಬಿಡದೆ ಓದಿದ. ಮೂರು ಕಡೆಯೂ ಕಾಣುವುದು ಒಂದೇ ಸಂಗತಿ. ತನ್ನದು ಎಂಬುದು ಕಾಗದದಲ್ಲಿರಬೇಕು, ತಪ್ಪಿದರೆ ಏನು ಕಳೆದುಕೊಳ್ಳುತ್ತೇನೆಂದು ಗೊತ್ತಿರಬೇಕು, ತಾನು ನೋಡಬೇಕಾದ ಪಾಲು ಕೈಗೆಟುಕುವಷ್ಟಿರಬೇಕು. ಈ ಮೂರರಲ್ಲಿ ಒಂದನ್ನೂ ಕೊಡದೆ ಓದಲಿಲ್ಲವೆಂದು ದೂರಿದರೆ ನ್ಯಾಯವಲ್ಲ.

ಇದನ್ನು ಶಾಸ್ತ್ರವಾಗಿ ಹೇಳಿದವರು ಡೇವಿಡ್ ಪಾರ್ನಸ್ ಮತ್ತು ಡೇವಿಡ್ ವೈಸ್. ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದಲ್ಲಿ ಎ-7 ಯುದ್ಧವಿಮಾನದ ಸಾಫ್ಟ್‌ವೇರನ್ನು ಹೊಸದಾಗಿ ರೂಪಿಸುವ ಕೆಲಸದ ಅನುಭವದಿಂದ ಅವರು 1985ರಲ್ಲಿ ಒಂದು ಪ್ರಬಂಧ ಬರೆದರು. ಸಾಮಾನ್ಯವಾಗಿ ರಿವ್ಯೂ ಎಂದರೆ ದೊಡ್ಡ ಕಟ್ಟನ್ನು ಎಲ್ಲರಿಗೂ ಹಂಚಿ, ತಪ್ಪಿದ್ದರೆ ಹೇಳಿ ಎಂದು ಸಭೆ ಸೇರಿಸುವುದು. ಹೀಗೆ ಮಾಡಿದರೆ ಯಾರಿಗೂ ಇಡೀ ಕಟ್ಟು ಓದಲು ಹೊತ್ತಿರುವುದಿಲ್ಲ, ತನಗೆ ಗೊತ್ತಿಲ್ಲದ ಭಾಗವನ್ನು ಬೇರೆಯವರು ನೋಡಿರುತ್ತಾರೆಂದು ಪ್ರತಿಯೊಬ್ಬರೂ ಭಾವಿಸುತ್ತಾರೆ, ಸುಮ್ಮನಿದ್ದರೆ ಒಪ್ಪಿಗೆಯೆಂದು ಲೆಕ್ಕವಾಗುತ್ತದೆ. ಅದಕ್ಕೆ ಅವರು ಕಂಡುಕೊಂಡ ಮದ್ದು ಸರಳ. ತಪ್ಪು ಹುಡುಕಿ ಎಂದು ಕೇಳಬೇಡಿ. ಡಾಕ್ಯುಮೆಂಟನ್ನು ಬಳಸದೆ ಉತ್ತರಿಸಲಾಗದ ಪ್ರಶ್ನೆಗಳನ್ನು ಕೇಳಿ, ಯಾರಿಗೆ ಯಾವುದು ಗೊತ್ತೋ ಅವರಿಗೆ ಅದನ್ನೇ ಕೇಳಿ. ಎಲ್ಲ ದೋಷಗಳ ಸೂಚನೆಯೂ ಇದರಲ್ಲಿ ಇದೆಯೇ ಎಂದರೆ ‘ಇದೆ’ ಎಂಬ ಉತ್ತರ ಓದದೆಯೂ ಬರುತ್ತದೆ. ಈ ಭಾಗ ಯಾವ ಯಾವ ದೋಷಗಳನ್ನು ಸೂಚಿಸಬಹುದು, ಬರೆದು ಕೊಡಿ ಎಂದರೆ ಪುಟ ತೆರೆಯಲೇಬೇಕು. ಅದೇ ಎ-7 ಕೆಲಸದಲ್ಲಿ ಅವಶ್ಯಕತೆಗಳ ಡಾಕ್ಯುಮೆಂಟು ಬರೆಯುವಾಗಲೂ ಮೊದಲು ಪ್ರಶ್ನೆಗಳನ್ನು ಪಟ್ಟಿ ಮಾಡಿಕೊಂಡು, ಒಂದೊಂದರ ಉತ್ತರ ಒಂದೇ ಕಡೆ ಸಿಗುವಂತೆ ಕೋಷ್ಟಕಗಳಲ್ಲಿ ಇಟ್ಟಿದ್ದರು. ಪೈಲಟ್‌ಗಳು ಅದನ್ನು ಓದಿ ತಪ್ಪು ಹಿಡಿದರು. ಪೈಲಟ್ ಸಾಫ್ಟ್‌ವೇರ್ ಪಂಡಿತನಲ್ಲ. ಆದರೆ ಈ ಎತ್ತರದಲ್ಲಿ ಈ ಗುಂಡಿ ಒತ್ತಿದರೆ ಏನಾಗಬೇಕೆಂದು ಅವನಿಗಿಂತ ಬಲ್ಲವರಿಲ್ಲ.

ನಮ್ಮ ಬಿಲ್ಲು-ರಸೀದಿಗಳ ಲೋಕಕ್ಕೆ ಇದನ್ನು ಇಳಿಸಿದಾಗ ಆದ ಬದಲಾವಣೆಯನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. ‘ವ್ಯವಸ್ಥೆಯು ರದ್ದಾದ ಬಿಲ್ಲುಗಳನ್ನು ಹಣಕಾಸು ವರ್ಷಕ್ಕೆ ಅನುಗುಣವಾಗಿ ನಿರ್ವಹಿಸತಕ್ಕದ್ದು’ ಎಂಬ ವಾಕ್ಯವನ್ನು ನಾವು ಬರೆಯುತ್ತಿದ್ದೆವು, ಅವರು ಒಪ್ಪುತ್ತಿದ್ದರು. ಅದರಲ್ಲಿ ಒಪ್ಪದಿರಲು ಏನಿದೆ? ಅದನ್ನೇ ಹೀಗೆ ಕೇಳಿದರೆ: ಮಾರ್ಚ್ 31ರ ರಾತ್ರಿ 11:50ಕ್ಕೆ 48,600 ರೂಪಾಯಿಗೆ ಬಿಲ್ ಆಗಿದೆ, ಏಪ್ರಿಲ್ 2ರಂದು ಗಿರಾಕಿ ಅರ್ಧ ಮಾಲು ಹಿಂದಿರುಗಿಸಿದ್ದಾನೆ, ಈ 24,300 ಯಾವ ವರ್ಷದ ಲೆಕ್ಕದಿಂದ ಕಳೆಯಬೇಕು, ಹಳೆಯ ಬಿಲ್ಲಿನ ಸಂಖ್ಯೆಯೇ ಉಳಿಯಬೇಕೇ, ಸೇಲ್ಸ್‌ನವನಿಗೆ ಆಗಲೇ ಕೊಟ್ಟ ಕಮಿಷನ್ ಏನಾಗಬೇಕು? ಈ ಪ್ರಶ್ನೆಯ ಮುಂದೆ ‘ಅಪ್ರೂವ್ಡ್’ ಎಂದು ಬರೆಯಲು ಬರುವುದಿಲ್ಲ. ಅಕೌಂಟ್ಸ್ ವಿಭಾಗದವರು ಒಂದು ಹೇಳುತ್ತಾರೆ, ಮಾರಾಟದವರು ಇನ್ನೊಂದು ಹೇಳುತ್ತಾರೆ, ತಮ್ಮಲ್ಲೇ ಈ ವಿಷಯ ತೀರ್ಮಾನವಾಗಿಲ್ಲವೆಂಬುದು ಆಗ ಅವರಿಗೆ ಗೊತ್ತಾಗುತ್ತದೆ. ಈ ಅರಿವೇ ಡಾಕ್ಯುಮೆಂಟಿನ ನಿಜವಾದ ಫಲ. ಒಂದು ಪ್ರಾಜೆಕ್ಟಿನಲ್ಲಿ ಇಂಥ ಮೂವತ್ತು ನಲವತ್ತು ತೀರ್ಮಾನಗಳಿಗಿಂತ ಹೆಚ್ಚು ಇರುವುದಿಲ್ಲ. ಉಳಿದದ್ದೆಲ್ಲ ಅವುಗಳಿಂದ ಹುಟ್ಟಿದ ವಿವರ. ಆ ಮೂವತ್ತನ್ನು ಮುಂದಿಟ್ಟು, ಅವರದೇ ಹಳೆಯ ಬಿಲ್ಲುಗಳಿಂದ ಅಂಕಿ ತೆಗೆದು, ಒಂದೊಂದರ ಪಕ್ಕ ಉತ್ತರಿಸಬೇಕಾದವರ ಹೆಸರು ಬರೆದು ಕಳಿಸಿದಾಗ ಉತ್ತರಗಳು ಬರುತ್ತಿದ್ದವು. ಉದ್ದುದ್ದವಾಗಿ ಬರುತ್ತಿದ್ದವು. ತಿದ್ದುಪಡಿಗಳೊಂದಿಗೆ, ಕೆಲವೊಮ್ಮೆ ಸಿಟ್ಟಿನೊಂದಿಗೆ ಬರುತ್ತಿದ್ದವು. ಸಿಟ್ಟು ಬಂತೆಂದರೆ ಓದಿದ್ದಾರೆ ಎಂದೇ ಅರ್ಥ. ಹತ್ತು ಜನ ಒಟ್ಟಿಗೆ ಕೂತು ಗಟ್ಟಿಯಾಗಿ ಓದುವ ಸಭೆಯಿಂದಲೂ ಲಾಭವಿತ್ತು, ಎರಡು ಗಂಟೆ ಮೀರದಿದ್ದರೆ. ಐಬಿಎಂನ ಮೈಕೆಲ್ ಫೇಗನ್ 1976ರಲ್ಲೇ ಆ ಮಿತಿಯನ್ನು ಸೂಚಿಸಿದ್ದರು.

ಇನ್ನೊಂದು ತೊಡಕು ಇದೆ, ಅದನ್ನು ನಾವು ಕಂಡೂ ಕಾಣದಂತೆ ಇದ್ದೆವು. ಸಹಿ ಹಾಕುವವರು ಬೇರೆ, ಸಂಗತಿ ಬಲ್ಲವರು ಬೇರೆ. ಸರ್ಕಾರಿ ಕಚೇರಿಗಳ ಕೆಲಸದಲ್ಲಿ ಇದು ಎದ್ದು ಕಾಣುತ್ತದೆ. ಕಡತ ಹೇಗೆ ನಡೆಯುತ್ತದೆ, ಯಾವ ಅರ್ಜಿ ಎಲ್ಲಿ ನಿಲ್ಲುತ್ತದೆ, ನಿಯಮದಲ್ಲಿಲ್ಲದ ಯಾವ ಪದ್ಧತಿ ಇಪ್ಪತ್ತು ವರ್ಷದಿಂದ ನಡೆದು ಬಂದಿದೆ ಎಂಬುದೆಲ್ಲ ವಿಷಯ ನಿರ್ವಾಹಕರಿಗೆ ಗೊತ್ತು. ಡಾಕ್ಯುಮೆಂಟು ಹೋಗುವುದು ಮೇಲಧಿಕಾರಿಯ ಮೇಜಿಗೆ. ವಿಷಯ ನಿರ್ವಾಹಕರ ಕೈಗೆ ಅದು ಬಂದರೂ ಇಂಗ್ಲಿಷಿನಲ್ಲಿ ಬರುತ್ತದೆ, ಅದೂ ಇಂಗ್ಲಿಷ್ ಬಲ್ಲವರಿಗೂ ಸುಲಭವಲ್ಲದ ಇಂಗ್ಲಿಷಿನಲ್ಲಿ. ದಿನವಿಡೀ ಕನ್ನಡದಲ್ಲಿ ಟಿಪ್ಪಣಿ ಬರೆಯುವ, ಕನ್ನಡದಲ್ಲೇ ಕಾನೂನಿನ ಸೂಕ್ಷ್ಮ ಬಿಡಿಸುವ ಮನುಷ್ಯ ಆ ಕಾಗದದ ಮುಂದೆ ಏನೂ ತಿಳಿಯದವರಂತೆ ಕೂರಬೇಕಾಗುವುದು ನನಗೆ ನೋವಿನ ಸಂಗತಿ. ಅವರಿಗೆ ತಿಳಿಯದು ಎಂದಲ್ಲ, ಅವರು ತಿಳಿದದ್ದನ್ನು ಹೇಳುವ ಬಾಗಿಲನ್ನು ನಾವು ಮುಚ್ಚಿದ್ದೆವು. ಮೂವತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ, ಕಚೇರಿಯಲ್ಲಿ ಬಳಸುವ ಪದಗಳಲ್ಲೇ ಬರೆದರೆ ತಗಲುವ ಖರ್ಚು ಎರಡು ದಿನದ ದುಡಿಮೆ. ಈ ಎರಡು ದಿನವನ್ನು ಪ್ಲಾನಿನಲ್ಲಿ ಸೇರಿಸಲು ನಾವು ಎಷ್ಟು ಹಿಂದೆಮುಂದೆ ನೋಡುತ್ತಿದ್ದೆವು ಎಂಬುದು ನೆನಪಾದರೆ ಇಂದಿಗೂ ಬೇಸರವಾಗುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಪರಿಚಿತ. ಕೆಲವನ್ನು ನಾನೇ ಆಡಿದ್ದೆ. ಮೊದಲನೆಯದು ಕರಾರಿನವರದು. ಕ್ಲೈಂಟು ದುಡ್ಡು ಕೊಟ್ಟು ಕೆಲಸ ಮಾಡಿಸಿಕೊಳ್ಳುವ ಸಂಸ್ಥೆ, ಮಗುವಲ್ಲ. ಹತ್ತು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಒಪ್ಪಿದಂತೆ ಎಂದು ಕರಾರಿನಲ್ಲೇ ಬರೆದಿದೆ, ಅಲ್ಲಿಗೆ ನಮ್ಮ ಹೊಣೆ ಮುಗಿಯಿತು ಎನ್ನುತ್ತಾರೆ. ಆ ಷರತ್ತು ಬೇಕು, ಇಲ್ಲದಿದ್ದರೆ ಪ್ರಾಜೆಕ್ಟುಗಳು ಕಾಯುತ್ತಲೇ ಕೂರುತ್ತವೆ. ಆದರೆ ಅದು ಹಣದ ಜಗಳಕ್ಕೆ ಪರಿಹಾರ, ತಿಳಿವಳಿಕೆಗೆ ಅಲ್ಲ. ಮೌನದಿಂದ ಬಂದ ಒಪ್ಪಿಗೆಯ ಮೇಲೆ ಕಟ್ಟಿದ ಸಾಫ್ಟ್‌ವೇರ್ ತಪ್ಪಾಗಿದ್ದರೆ, ತಪ್ಪು ಯಾರದೆಂದು ಷರತ್ತು ತೀರ್ಮಾನಿಸಬಲ್ಲದು, ತಪ್ಪನ್ನು ಸರಿಮಾಡಲಾರದು. ಎರಡನೆಯದು ಇದಕ್ಕಿಂತ ಸೂಕ್ಷ್ಮ: ಹಿರಿಯ ಅಧಿಕಾರಿಯ ಮುಂದೆ ಪ್ರಶ್ನೆಪತ್ರಿಕೆ ಇಟ್ಟರೆ ಪರೀಕ್ಷೆ ಮಾಡಿದಂತಾಗುವುದಿಲ್ಲವೇ, ಅವರಿಗೆ ಅವಮಾನವಲ್ಲವೇ? ನಮ್ಮ ಕಚೇರಿಗಳ ಮರ್ಯಾದೆಯ ರೀತಿಯಲ್ಲಿ ಇದು ನಿಜವಾದ ತೊಂದರೆ. ‘ಸರ್, ನೀವು ಓದಿದ್ದೀರಾ’ ಎಂಬ ಧಾಟಿ ಒಂದಿಷ್ಟು ಸುಳಿದರೂ ಬಾಗಿಲು ಮುಚ್ಚಿತು. ಆದರೆ ‘ಸರ್, ಇದು ನಿಮ್ಮ ಮಾತಿಲ್ಲದೆ ಮುಂದೆ ಹೋಗುವಂತಿಲ್ಲ, ಹೀಗಾದರೆ ಏನು ಮಾಡಬೇಕು ಹೇಳಿ’ ಎಂದು ಕೇಳುವುದು ಪರೀಕ್ಷೆಯಲ್ಲ. ಅದು ಅವರ ಅಧಿಕಾರಕ್ಕೆ ಕೊಟ್ಟ ಮನ್ನಣೆ. ಸಿದ್ಧವಾದ ಕಟ್ಟಿನ ಕೊನೆಯ ಪುಟದಲ್ಲಿ ಸಹಿ ಕೇಳುವಾಗ ಅವರ ಹೆಸರು ಮಾತ್ರ ಬೇಕಾಗಿತ್ತು. ಪ್ರಶ್ನೆ ಕೇಳಿದಾಗ ಅವರ ವಿವೇಚನೆ ಬೇಕಾಗುತ್ತದೆ. ಈ ವ್ಯತ್ಯಾಸ ಹಿರಿಯರಿಗೆ ತಕ್ಷಣ ತಿಳಿಯುತ್ತದೆ.

ಮೂರನೆಯ ಆಕ್ಷೇಪ ಅಜೈಲ್ ಪಂಥದವರದು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಹದಿನೇಳು ಜನ ಸೇರಿ ಹೊರಡಿಸಿದ ಪ್ರಣಾಳಿಕೆ, ಸಮಗ್ರ ಡಾಕ್ಯುಮೆಂಟಿಗಿಂತ ನಡೆಯುವ ಸಾಫ್ಟ್‌ವೇರಿಗೆ ಹೆಚ್ಚು ಬೆಲೆ ಕೊಟ್ಟಿತು. ಎರಡು ವಾರಕ್ಕೊಮ್ಮೆ ಪರದೆ ತೋರಿಸಿದರೆ ಓದಿಸುವ ತಾಪತ್ರಯವೇ ಇಲ್ಲ ಎಂಬುದು ಇದರಿಂದ ಹೊರಟ ವಾದ. ಇದರಲ್ಲಿ ಸತ್ಯದ ದೊಡ್ಡ ಪಾಲಿದೆ, ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ತನಗೆ ಏನು ಬೇಕೆಂದು ಗ್ರಾಹಕನಿಗೆ ನೋಡುವ ತನಕ ಖಚಿತವಾಗಿ ಗೊತ್ತಿರುವುದಿಲ್ಲ ಎಂದು ಫ್ರೆಡ್ ಬ್ರೂಕ್ಸ್ ಎಂಬತ್ತರ ದಶಕದಲ್ಲೇ ಬರೆದಿದ್ದರು. ಆದರೆ ಪರದೆ ತೋರಿಸುವುದು ಇರುವ ಗುಂಡಿಗಳನ್ನು. ಏಪ್ರಿಲ್ 2ರಂದು ಹಿಂದಿರುಗಿದ ಮಾಲು ಯಾವ ವರ್ಷದ್ದು ಎಂಬುದು ಡೆಮೋದಲ್ಲಿ ಕಾಣುವುದಿಲ್ಲ, ಯಾರಾದರೂ ಕೇಳಿದರೆ ಮಾತ್ರ ಕಾಣುತ್ತದೆ. ಡೆಮೋ ನೋಡಿ ತಲೆಯಾಡಿಸುವುದಕ್ಕೂ ಕೊನೆಯ ಪುಟ ನೋಡಿ ‘ಅಪ್ರೂವ್ಡ್’ ಬರೆಯುವುದಕ್ಕೂ ನಡುವೆ ನಾವು ಅಂದುಕೊಂಡಷ್ಟು ದೂರವಿಲ್ಲ. ಇನ್ನು, ಆ ಹದಿನೇಳು ಜನ ಡಾಕ್ಯುಮೆಂಟಿಗೆ ಬೆಲೆಯೇ ಇಲ್ಲವೆಂದೇನೂ ಹೇಳಿರಲಿಲ್ಲ, ಇನ್ನೊಂದಕ್ಕೆ ಹೆಚ್ಚಿನ ಬೆಲೆ ಎಂದಷ್ಟೇ ಹೇಳಿದ್ದರು. ಬರೆಯುವ ಬೇಸರಕ್ಕೆ ನೆಪ ಹುಡುಕುತ್ತಿದ್ದವರು ಈ ಮಾತಿನ ಮೊದಲರ್ಧವನ್ನು ಕೈಬಿಟ್ಟರು. ಕಾನೂನಿಗೆ, ಆಡಿಟ್ಟಿಗೆ, ಮುಂದಿನ ಪೀಳಿಗೆಯ ಪ್ರೋಗ್ರಾಮರುಗಳಿಗೆ ಪೂರ್ತಿ ಕಟ್ಟು ಬೇಕೇ ಬೇಕು ಎನ್ನುವವರಿಗೆ ನನ್ನ ತಕರಾರಿಲ್ಲ. ಇರಲಿ, ಅದು ಹಿಂದೆ ಇರಲಿ. ಓದಬೇಕಾದವರ ಕೈಗೆ ಮುಂದಿನ ಹತ್ತು ಪುಟ ಹೋಗಲಿ.

ಈಚೆಗೆ ಈ ಮಾತು ಇನ್ನಷ್ಟು ಮುಖ್ಯವಾಗಿದೆ. ಬರೆಯುವ ಶ್ರಮವೇ ಇಲ್ಲವಾಗುತ್ತಿದೆ. ಸಭೆಯ ಧ್ವನಿಮುದ್ರಣ ಕೊಟ್ಟರೆ ಯಂತ್ರ ಇನ್ನೂರು ಪುಟದ ಎಸ್‌ಆರ್‌ಎಸ್ ಬರೆದುಕೊಡುತ್ತದೆ, ತಲೆಬರಹಗಳೆಲ್ಲ ಸರಿಯಾಗಿರುತ್ತವೆ, ವಾಕ್ಯಗಳಲ್ಲಿ ವ್ಯಾಕರಣದ ತಪ್ಪಿರುವುದಿಲ್ಲ. ಆ ಬದಿಯಲ್ಲಿ ಕ್ಲೈಂಟು ಅದನ್ನು ಇನ್ನೊಂದು ಯಂತ್ರಕ್ಕೆ ಕೊಟ್ಟು ಸಾರಾಂಶ ತೆಗೆಸುತ್ತಾನೆ. ಎರಡು ಯಂತ್ರಗಳ ನಡುವೆ ಡಾಕ್ಯುಮೆಂಟು ಹೋಗಿ ಬರುತ್ತದೆ, ಸಹಿ ಮಾತ್ರ ಮನುಷ್ಯನದು. ಬರೆಯುವುದು ದುಬಾರಿಯಾಗಿದ್ದಾಗ ಬರೆದವನಾದರೂ ಒಮ್ಮೆ ಎಲ್ಲವನ್ನೂ ಓದಿರುತ್ತಿದ್ದ. ಈಗ ಯಾರೂ ಪೂರ್ತಿಯಾಗಿ ಓದಿರದ ಬರಹಕ್ಕೆ ಎರಡೂ ಕಡೆಯವರು ಬದ್ಧರಾಗುವುದು ಸಾಧ್ಯವಾಗಿದೆ. ಮಂಗಳನ ಸುತ್ತ ತಿರುಗಬೇಕಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್ 23ರಂದು ಕಳೆದುಹೋದದ್ದು ಡಾಕ್ಯುಮೆಂಟು ಇಲ್ಲದ್ದರಿಂದಲ್ಲ. ಅಂಕಿಗಳು ನ್ಯೂಟನ್-ಸೆಕೆಂಡುಗಳಲ್ಲಿ ಇರಬೇಕೆಂದು ವಿವರಣಾ ಪತ್ರದಲ್ಲಿ ಬರೆದೇ ಇತ್ತು. ಭೂಮಿಯ ಮೇಲಿನ ಸಾಫ್ಟ್‌ವೇರ್ ಪೌಂಡು-ಸೆಕೆಂಡುಗಳಲ್ಲಿ ಕೊಟ್ಟಿತು, ಎರಡರ ನಡುವಿನ ವ್ಯತ್ಯಾಸ ನಾಲ್ಕೂವರೆ ಪಟ್ಟಿನಷ್ಟು. ಸರಿಯಾಗಿ ಬರೆದ ಒಂದು ಸಾಲು ಅದನ್ನು ಉಳಿಸಲಿಲ್ಲ. ಅಂಥ ಸಾಲುಗಳನ್ನು ಲಕ್ಷಗಟ್ಟಲೆ ಬರೆಯಬಲ್ಲ ಸಾಧನ ಸಿಕ್ಕಿದೆಯೆಂದರೆ, ಯಾವ ಸಾಲಿನ ಮುಂದೆ ಮನುಷ್ಯನನ್ನು ನಿಲ್ಲಿಸಿ ಕೇಳಬೇಕೆಂದು ಆಯುವ ಕೆಲಸ ಬರೆಯುವುದಕ್ಕಿಂತ ದೊಡ್ಡದಾಯಿತು.

ಡಾಕ್ಯುಮೆಂಟಿನ ಕೊನೆಯ ಪುಟದಲ್ಲಿದ್ದ ಒಪ್ಪಿಗೆಯ ಕೋಷ್ಟಕಕ್ಕೆ ನಾಲ್ಕು ಕಂಬಗಳಿರುತ್ತಿದ್ದವು: ಹೆಸರು, ಹುದ್ದೆ, ದಿನಾಂಕ, ಸಹಿ. ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ಅದನ್ನು ಮೊದಲ ಪುಟಕ್ಕೆ ತಂದು ಇನ್ನೆರಡು ಕಂಬ ಸೇರಿಸುವುದನ್ನು ರೂಢಿಸಿಕೊಂಡೆ. ಒಂದರಲ್ಲಿ ಆ ವ್ಯಕ್ತಿ ಉತ್ತರಿಸಿದ ಪ್ರಶ್ನೆಗಳ ಸಂಖ್ಯೆಗಳು. ಇನ್ನೊಂದರಲ್ಲಿ ಇನ್ನೂ ತೀರ್ಮಾನವಾಗದವು, ಯಾರು ಯಾವಾಗ ತೀರ್ಮಾನಿಸುತ್ತಾರೆ ಎಂಬುದರೊಂದಿಗೆ. ಈ ಎರಡನೆಯ ಕಂಬ ಖಾಲಿಯಿಲ್ಲದಿದ್ದರೆ ಮ್ಯಾನೇಜರುಗಳಿಗೆ ಕಸಿವಿಸಿ. ಅಪೂರ್ಣ ಡಾಕ್ಯುಮೆಂಟಿಗೆ ಒಪ್ಪಿಗೆ ಪಡೆದಂತೆ ಕಾಣುತ್ತದೆ ಎನ್ನುತ್ತಿದ್ದರು. ಬಳಸುವ ಜನ ಮಾತ್ರ ಮೊದಲು ಬೆರಳಿಟ್ಟು ಓದುತ್ತಿದ್ದದ್ದು ಅದನ್ನೇ. ಹತ್ತೊಂಬತ್ತನೆಯದು ಇನ್ನೂ ಆಗಿಲ್ಲವೇ, ಅದನ್ನು ಗೋದಾಮಿನವರನ್ನು ಕೇಳಬೇಕು, ಈ ಗುರುವಾರ ಅವರನ್ನೂ ಕರೆಯೋಣ ಎಂದು ಮಾತು ಶುರುವಾಗುತ್ತಿತ್ತು.